ನಾಲ್ಕನೆಯವಳಿಗೆ ಮಾತಿಲ್ಲ

ಹಲಸೂರು
12 ಫೆಬ್ರವರಿ 1945

ಅಣ್ಣ ಅಂಜನಮೂರ್ತಿಗೆ,

ಅಮ್ಮ ನಿನ್ನೆ ಬೆಳಿಗ್ಗೆ ಎಂಟು ಗಂಟೆಗೆ ತೀರಿಕೊಂಡಳು. ಒಂಬತ್ತು ದಿನ ಜ್ವರವಿತ್ತು. ಡಾಕ್ಟರು ನ್ಯುಮೋನಿಯಾ ಎಂದರು. ಮಧ್ಯಾಹ್ನವೇ ಕೆರೆಯಾಚೆ ನಮ್ಮ ಜಾಗದಲ್ಲಿ ಮಣ್ಣು ಮಾಡಿದೆವು. ನಿನ್ನ ಬದಲು ಮಾವ ಚಿಕ್ಕಮುನಿಯಪ್ಪ ಮಡಕೆ ಹೊತ್ತ.

ಈ ಕಾಗದವನ್ನು ನಾನು ಅಂಚೆಗೆ ಹಾಕುವುದಿಲ್ಲ. ಜನವರಿಯಲ್ಲಿ ನಿನ್ನ ಜೊತೆಗಾರ ಅಕ್ತರ್ ಮನೆಗೆ ಬಂದಿದ್ದ. ಇಟಲಿಯಲ್ಲಿ ಎಡಗೈ ಕಳೆದುಕೊಂಡು ಪಲ್ಟನ್ನಿನಿಂದ ಬಿಡುಗಡೆಯಾಗಿ ಕಂಟೋನ್ಮೆಂಟಿನ ಬ್ಲಾಕ್‌ಪಳ್ಳಿಗೆ ಮರಳಿದ್ದಾನೆ. ನೀನು ಸೇತುವೆ ಕಟ್ಟುತ್ತಿದ್ದೀಯೆಂದು ಅಮ್ಮ ಹೆಮ್ಮೆಯಿಂದ ಹೇಳಿದಾಗ ಅವನು, "ಯಾವ ಪುಲ್ ಅಮ್ಮಾ? ಅವ್ನು ನೆಲದಲ್ಲಿ ಹೂತಿರೋ ಮೈನ್ ತೆಗೀತಾನೆ. ಬೆರಳಲ್ಲಿ ಮಣ್ಣು ಸವರಿ ಸವರಿ. ಒಂಚೂರು ಕೈ ನಡುಗಿದ್ರೆ ನನ್ ಥರಾನೇ" ಎಂದುಬಿಟ್ಟ. ಆಮೇಲೆ ನಾಲಿಗೆ ಕಚ್ಚಿಕೊಂಡ. ಅಮ್ಮ ಅವನಿಗೆ ಕಾಫಿ ಕೊಟ್ಟಳು.

ಶನಿವಾರ ನನ್ನನ್ನೂ ಮಾವನನ್ನೂ ಹತ್ತಿರ ಕರೆದು ಆಣೆ ಹಾಕಿಸಿಕೊಂಡಳು. "ನೆಲ ಸವರೋ ಕೈ ಅದು, ನಡುಗಬಾರ್ದು. ನಾನು ಹೋದ ಸುದ್ದಿ ಅವನು ವಸ್ತಿಲು ತುಳಿದ ಮೇಲೇ ಹೇಳಿ." ನಾವಿಬ್ಬರೂ ಅವಳ ಅಂಗೈ ಮೇಲೆ ಕೈಯಿಟ್ಟೆವು.

ಇನ್ನೊಂದು ಮಾತು ಮಾವನಿಗೆ ಹೇಳಿದಳು. ಅತ್ತೆ ಸತ್ತ ಮೇಲೆ ಅವನು ನನ್ನನ್ನು ತನಗೆ ಮದುವೆ ಮಾಡಿಕೊಡೆಂದು ಅಮ್ಮನನ್ನು ಎರಡು ಸಲ ಕೇಳಿದ್ದ. ದೂರದಲ್ಲಿರುವವನಿಗೆ ಮನೆಯ ಜಗಳ ಯಾಕೆಂದು ಅಮ್ಮ ಅದನ್ನು ನಿನಗೆ ಬರೆಯಲು ಬಿಟ್ಟಿರಲಿಲ್ಲ. "ತಮ್ಮಾ, ಗೋವಿಂದಿ ಟ್ರೈನಿಂಗ್ ಮುಗಿಸಿ ಮೇಡಂ ಆಗ್ಲಿ. ಎರಡು ಸಲ ಇಲ್ಲ ಅಂದಿದೀನಿ, ಮೂರನೇ ಸಲ ಕೇಳಬ್ಯಾಡ." ಮಾವ ತಲೆಯಾಡಿಸಿದ. ಕೋಣೆಯಲ್ಲಿ ಇದ್ದವರು ನಾವು ಮೂವರೇ.

ಒಂದು ಕಡೆಯಾದರೂ ನಿಜ ಬರೆದಿಡಬೇಕೆನ್ನಿಸಿ ಬರೆದೆ. ಟ್ರಂಕಿನ ತಳದಲ್ಲಿ ಇಡುತ್ತೇನೆ. ನಾಳಿದ್ದು ನಿನಗೆ ಬೇರೆ ಕಾಗದ ಬರೆಯುತ್ತೇನೆ. ಅದರಲ್ಲಿ ಅಮ್ಮ ಇರುತ್ತಾಳೆ.

ಗೋವಿಂದಮ್ಮ


ಹಲಸೂರು
14 ಫೆಬ್ರವರಿ 1945

ಪ್ರೀತಿಯ ಅಣ್ಣನಿಗೆ,

ನಾವು ಕ್ಷೇಮ. ಅಮ್ಮನಿಗೆ ಸ್ವಲ್ಪ ಜ್ವರ ಬಂದಿತ್ತು, ಈಗ ಇಲ್ಲ. ಈ ವರ್ಷ ಹುಣಸೆ ಚೆನ್ನಾಗಿ ಬಿಟ್ಟಿದೆ. ಕೆರೆಯ ಬಳಿ ಹೊಸ ಪಲ್ಟನ್ ಬಂದಿಳಿದು ಬೆಳಿಗ್ಗೆ ಐದಕ್ಕೇ ತುತ್ತೂರಿ ಊದುತ್ತಾರೆ. ನನಗೆ ಜೂನ್‌ನಲ್ಲಿ ಟ್ರೈನಿಂಗ್ ಶಾಲೆಯಲ್ಲಿ ಜಾಗ ಸಿಗುತ್ತದೆಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದಾರೆ. ಸೇತುವೆ ಎಲ್ಲಿಗೆ ಬಂತು?

ಅಮ್ಮ ಹೇಳಿ ಬರೆಸಿದ್ದು: ಮಗನೇ, ನಾನು ಚೆನ್ನಾಗಿದ್ದೇನೆ. ನನ್ನ ಯೋಚನೆ ಮಾಡಬೇಡ. ಹೊಟ್ಟೆ ತುಂಬ ತಿನ್ನು. ಚಳಿಗೆ ಕಿವಿ ಮುಚ್ಚಿಕೋ.

ನಿನ್ನ ತಂಗಿ
ಗೋವಿಂದಮ್ಮ


ಫೀಲ್ಡ್ ಪೋಸ್ಟ್
9 ಏಪ್ರಿಲ್ 1945

ಗೋವಿಂದಿಗೆ,

ನಿನ್ನ ಕಾಗದ ಐದು ವಾರ ತಿರುಗಿ ಬಂತು. ಕನ್ನಡ ಓದಬಲ್ಲ ಸೆನ್ಸಾರಿನವನು ಒಬ್ಬನೇ ಇದ್ದಾನಂತೆ. ಊರಿನ ಹೆಸರು ಬರೆಯುವಂತಿಲ್ಲ. ದೇಶ ಗ್ರೀಸ್ ಎಂದು ನಿಮ್ಮ ಪತ್ರಿಕೆಯಲ್ಲೇ ಬಂದಿರುತ್ತದೆ.

ಸೇತುವೆಯ ಕೆಲಸ ನಡೆಯುತ್ತಿದೆ. ಅಳತೆ ತೆಗೆಯಲು ಆಗಾಗ ಹೊಟ್ಟೆಯ ಮೇಲೆ ಮಲಗಬೇಕು, ಅಷ್ಟೇ ಕಷ್ಟವೆಂದು ಅಮ್ಮನಿಗೆ ಹೇಳು. ಈ ತಿಂಗಳು ನಮ್ಮನ್ನು ಒಂದು ಹಳೆಯ ನಾಟಕಶಾಲೆಯ ಹತ್ತಿರ ಹಾಕಿದ್ದಾರೆ. ಎರಡು ಸಾವಿರ ವರ್ಷಕ್ಕೂ ಹಳೆಯದು. ಕಲ್ಯಾಣಿಯ ಮೆಟ್ಟಿಲುಗಳನ್ನು ಅರ್ಧಕ್ಕೆ ಕತ್ತರಿಸಿ ಗುಡ್ಡಕ್ಕೆ ಒರಗಿಸಿದಂತಿದೆ. ಮೇಲೆ ಚಾವಣಿಯಿಲ್ಲ, ಪರದೆಯಿಲ್ಲ. ನಡುವೆ ದುಂಡಗಿನ ಅಂಗಳ, ಅದರ ಹಿಂದೆ ಒಂದು ಬಾಗಿಲಿನ ಗುರುತು. ಅಂಗಳದಲ್ಲಿ ಬೆಂಕಿಕಡ್ಡಿ ಗೀರಿದರೆ ಕೊನೆಯ ಮೆಟ್ಟಿಲಲ್ಲಿ ಕೇಳುತ್ತದೆ. ನಾನೇ ಕೂತು ನೋಡಿದೆ.

ಊರಿನ ಹಳೆಯ ಮೇಷ್ಟ್ರೊಬ್ಬರು ದಿನವೂ ಕೆಲಸದ ಜಾಗಕ್ಕೆ ಕಟ್ಟಿದ ಬಿಳಿ ಟೇಪಿನ ಆಚೆ ನಿಂತು ನಮ್ಮ ಕೆಲಸ ನೋಡುತ್ತಾರೆ. ಅವರಿಗೆ ನನ್ನಷ್ಟೇ ಇಂಗ್ಲಿಷ್ ಬರುತ್ತದೆ, ಆದ್ದರಿಂದ ಮಾತು ಚೆನ್ನಾಗಿ ಸಾಗುತ್ತದೆ. ಈ ಜಾಗ ದಿಯೋನಿಸಸ್ ಎಂಬ ದೇವರದಂತೆ. ದ್ರಾಕ್ಷಿ, ಅಮಲು, ಮುಖವಾಡ, ಮೂರಕ್ಕೂ ಅವನೇ ಒಡೆಯ. ಆಟ ಆಡುವುದೇ ಅವನ ಪೂಜೆ. ನಮ್ಮಲ್ಲಿ ದ್ರೌಪದಮ್ಮನ ಗುಡಿಯೆದುರು ತಮಿಳರ ಕೂತ್ತಿನ ಆಟ ನಡೆಯುವುದಿಲ್ಲವೇ, ಹಾಗೆ. ಕಥೆಗಳೆಲ್ಲ ದೇವರು, ಹಳೆಯ ರಾಜರದ್ದು. ಕೊನೆ ಎಲ್ಲರಿಗೂ ಮೊದಲೇ ಗೊತ್ತು. ಆದರೂ ಬೆಳಗಿನಿಂದ ಕೂತು ನೋಡುತ್ತಿದ್ದರಂತೆ, ಆಟದೊಳಗಿನವರಿಗೆ ನಿಜ ಯಾವಾಗ ತಿಳಿಯುತ್ತದೆ ಎಂದು.

ಕೆಲವು ಕಟ್ಟುಪಾಡುಗಳಿವೆ. ಸಾವನ್ನು ಸಾಮಾನ್ಯವಾಗಿ ಕಣ್ಣೆದುರು ತೋರಿಸುವುದಿಲ್ಲ. ಅದು ಬಾಗಿಲ ಹಿಂದೆ ನಡೆಯುತ್ತದೆ, ದೂತನೊಬ್ಬ ಬಂದು ಹೇಳುತ್ತಾನೆ. ಮಾತಾಡುವ ನಟರು ಮೂವರೇ. ನಾಲ್ಕನೆಯವರು ಬಂದರೆ ಮುಖವಾಡ ಹಾಕಿಕೊಂಡು ನಿಂತಿರಬೇಕು, ಅವರಿಗೆ ಮಾತಿಲ್ಲ. ಮೂವರಿಂದ ಆಟ ಹೇಗೆ ಮುಗಿಯುತ್ತದೆಂದು ಕೇಳಿದೆ. ನಾಳೆ ಹೇಳುತ್ತೇನೆ ಎಂದರು. ಮೇಷ್ಟ್ರುಗಳೆಲ್ಲ ಒಂದೇ.

ಜ್ವರ ಪೂರ್ತಿ ಹೋಯಿತೇ? ಅಮ್ಮ ಯಾಕೆ ಇಷ್ಟು ಸಾಧುವಾಗಿ ಬರೆಸಿದ್ದಾಳೆ? ಬೈದು ಬರೆಯಲು ಹೇಳು.

ಅಂಜನಮೂರ್ತಿ


ಬಾಣಸವಾಡಿ
20 ಮೇ 1945

ಪ್ರೀತಿಯ ಅಣ್ಣನಿಗೆ,

ವಿಳಾಸ ನೋಡಿ ಗಾಬರಿಯಾಗಬೇಡ. ಹೆಂಗಸರಿಬ್ಬರೇ ಹಲಸೂರಿನಲ್ಲಿ ಇರುವುದು ಬೇಡವೆಂದು ಮಾವ ನಮ್ಮನ್ನು ಇಲ್ಲಿಗೆ ಕರೆತಂದ. ಅಲ್ಲಿನ ಮನೆಗೆ ಬೀಗ ಹಾಕಿದ್ದೇವೆ. ಯುರೋಪಿನಲ್ಲಿ ಯುದ್ಧ ಮುಗಿಯಿತೆಂದು ಕಂಟೋನ್ಮೆಂಟಿನಲ್ಲಿ ಬ್ಯಾಂಡು ಬಾರಿಸಿದ್ದು ಇಲ್ಲಿಯವರೆಗೂ ಕೇಳಿಸಿತು. ಯುದ್ಧ ಮುಗಿದರೆ ಸೇತುವೆಯ ಕೆಲಸವೂ ಮುಗಿಯುತ್ತದೆಯೇ, ಇಲ್ಲ ಅದು ಹಾಗೇ ಉಳಿದಿರುತ್ತದೆಯೇ?

ಮಾವನ ಮಕ್ಕಳಿಬ್ಬರೂ ನನ್ನನ್ನು ಬಿಟ್ಟಿರುವುದಿಲ್ಲ. ಮಾವ ಚೆನ್ನಾಗಿ ನೋಡಿಕೊಳ್ಳುತ್ತಾನೆ. ಯಾವತ್ತೂ ದನಿ ಏರಿಸಿದ್ದಿಲ್ಲ. ಅವನ ತೋಟದಲ್ಲಿ ದ್ರಾಕ್ಷಿ ಚಪ್ಪರ ಹಾಕಿದ್ದಾನೆ. ನಿನ್ನ ದೇವರಿಗೆ ಇಲ್ಲಿ ನೆಲೆಯಿದೆಯೆಂದು ಮೇಷ್ಟ್ರಿಗೆ ಹೇಳು. ಟ್ರೈನಿಂಗ್ ಶಾಲೆಗೆ ಈ ವರ್ಷ ಹೋಗುವುದಿಲ್ಲ. ಇಲ್ಲಿಂದ ದೂರ. ಈ ವಿಷಯದಲ್ಲಿ ಅಮ್ಮನಿಗೂ ಮಾವನ ಮಾತೇ ಸರಿಯೆನ್ನಿಸಿದೆ.

ಮೂವರೇ ನಟರು ಎಲ್ಲರ ಪಾತ್ರ ಮಾಡುವುದು ಹೇಗೆಂದು ಮೇಷ್ಟ್ರು ಹೇಳಿದರೇ? ನೋಡುವವರಿಗೆ ಗೊತ್ತಾಗುವುದಿಲ್ಲವೇ?

ಅಮ್ಮ ಹೇಳಿ ಬರೆಸಿದ್ದು: ಲೋ ಮೂರ್ತಿ, ಬೈಯಬೇಕಂತೆ ನಿನಗೆ. ಬೇಗ ಬಂದು ಎದುರಿಗೆ ನಿಲ್ಲು, ಬೈಯುತ್ತೇನೆ.

ಗೋವಿಂದಮ್ಮ


ಫೀಲ್ಡ್ ಪೋಸ್ಟ್
30 ಜೂನ್ 1945

ಗೋವಿಂದಿಗೆ,

ಮೊದಲು ನಿನ್ನ ಸುದ್ದಿ. ಮಾವನ ಕಾಗದ ಬಂದು ಎರಡು ವಾರವಾಯಿತು. ಅಮ್ಮ ನಿನ್ನನ್ನು ಅವನಿಗೆ ಕೊಡಬೇಕೆಂದಿದ್ದಾಳೆ, ನನ್ನ ಒಪ್ಪಿಗೆಯೊಂದು ಬೇಕು ಎಂದು ಬರೆದಿದ್ದಾನೆ. ನೀನು ಮೇಡಂ ಆಗುತ್ತೀಯೆಂದುಕೊಂಡಿದ್ದೆ, ಸ್ವಲ್ಪ ಬೇಸರವಾಯಿತು. ಆದರೆ ಶಾಲೆ ಬಿಟ್ಟಿದ್ದನ್ನೂ ಅಮ್ಮ ಅದಕ್ಕೆ ಒಪ್ಪಿದ್ದನ್ನೂ ನೀನೇ ಬರೆದಿದ್ದೀ. ಮಾವ ಕೆಟ್ಟವನಲ್ಲ. ಅಮ್ಮನ ಇಷ್ಟವೇ ನನ್ನ ಇಷ್ಟವೆಂದು ಉತ್ತರ ಹಾಕಿದ್ದೇನೆ.

ಇದನ್ನು ಮೇಷ್ಟ್ರಿಗೆ ಹೇಳಿದಾಗ ಒಂದು ತಮಾಷೆಯಾಯಿತು. ಅವರ ಪುರಾಣದಲ್ಲೂ ಇಂಥದೊಂದಿದೆ. ಪೈರಿನ ದೇವತೆ ಡಿಮೀಟರ್, ಅವಳಿಗೊಬ್ಬಳೇ ಮಗಳು. ಮಗಳ ಹೆಸರು ನನ್ನ ನಾಲಿಗೆಯಲ್ಲಿ ಹೊರಳುವುದಿಲ್ಲ. ಹುಡುಗಿ ಹೂವು ಕೀಳುತ್ತಿದ್ದಾಗ ನೆಲ ಬಿರಿದು ಪಾತಾಳದ ರಾಜ ರಥದಲ್ಲಿ ಬಂದು ಅವಳನ್ನು ಹೊತ್ತುಕೊಂಡು ಹೋದ. ಅವನು ಯಾರು ಗೊತ್ತೇ? ಡಿಮೀಟರಿನ ಸ್ವಂತ ಒಡಹುಟ್ಟಿದವನು, ಹುಡುಗಿಗೆ ಸೋದರಮಾವ! ಅಪ್ಪ ತಾಯಿಗೆ ತಿಳಿಸದೆ ಒಪ್ಪಿಗೆ ಕೊಟ್ಟಿದ್ದನಂತೆ. ತಾಯಿ ಪಂಜು ಹಿಡಿದು ಲೋಕವೆಲ್ಲ ಹುಡುಕಿದಳು, ಪೈರು ಒಣಗಿತು, ಕೊನೆಗೆ ದೇವರುಗಳು ಹುಡುಗಿಯನ್ನು ಬಿಡಿಸಹೋದರು. ಅಷ್ಟರಲ್ಲಿ ಅವಳು ಅಲ್ಲಿ ದಾಳಿಂಬೆಯ ಬೀಜ ತಿಂದುಬಿಟ್ಟಿದ್ದಳು. ಆ ಮನೆಯಲ್ಲಿ ತಿಂದವರು ಪೂರ್ತಿ ಬಿಡುಗಡೆಯಾಗುವಂತಿಲ್ಲ. ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಗೆ ಮರಳಲೇಬೇಕು. ಅಥೆನ್ಸಿನ ಕಡೆ ಒಂದು ಗುಡಿಯಲ್ಲಿ ಇದನ್ನು ದೀಕ್ಷೆ ತೆಗೆದುಕೊಂಡವರಿಗೆ ಮಾತ್ರ ತೋರಿಸುತ್ತಿದ್ದರಂತೆ. ನೋಡಿದ್ದನ್ನು ಹೊರಗೆ ಹೇಳುವುದಿಲ್ಲವೆಂದು ಆಣೆ ಬೇರೆ.

ನಮ್ಮಲ್ಲಿ ಅದು ಹೊತ್ತುಕೊಂಡು ಹೋಗುವ ಮಾತಲ್ಲ, ಹಕ್ಕಿನ ಸಂಬಂಧ ಎಂದೆ. ಅವರು ನನ್ನ ಮುಖ ನೋಡಿ, "ಹುಡುಗಿಯನ್ನು ಕೇಳಿದ್ದೀರಾ?" ಎಂದರು. ಕೇಳಿರಲಿಲ್ಲ. ಆದ್ದರಿಂದ ಈಗ ಕೇಳುತ್ತಿದ್ದೇನೆ.

ಮೂವರು ನಟರ ಗುಟ್ಟು ಇಷ್ಟು. ಮಗಳಾಗಿ ಬಾಗಿಲೊಳಗೆ ಹೋದವನೇ ಮುಖವಾಡ ಬದಲಿಸಿ ತಾಯಿಯಾಗಿ ಹೊರಗೆ ಬರುತ್ತಾನೆ. ನೋಡುವವರಿಗೆ ತಿಳಿಯುವುದು ಒಂದರಿಂದ ಮಾತ್ರ: ಆ ಇಬ್ಬರು ಅಂಗಳದಲ್ಲಿ ಎಂದೂ ಒಟ್ಟಿಗೆ ಮಾತಾಡುವುದಿಲ್ಲ.

ಅಮ್ಮನಿಗೊಂದು ಪ್ರಶ್ನೆ. ನಾನು ಪಲ್ಟನ್ನಿಗೆ ಹೊರಟ ದಿನ ಸ್ಟೇಷನ್ನಿನಲ್ಲಿ ನನ್ನ ಕಿವಿಯ ಹತ್ತಿರ ಬಂದು ಏನು ಹೇಳಿದಳು? ಅವಳನ್ನೇ ಕೇಳಿ ಬರೆ.

ಅಂಜನಮೂರ್ತಿ


ಬಾಣಸವಾಡಿ
6 ಆಗಸ್ಟ್ 1945

ಪ್ರೀತಿಯ ಅಣ್ಣನಿಗೆ,

ನಿನ್ನ ಒಪ್ಪಿಗೆಯ ಕಾಗದವನ್ನು ಮಾವ ಊಟದ ಹೊತ್ತಿಗೆ ಎಲ್ಲರೆದುರು ಓದಿದ. ನನಗೆ ನೀನು ಬರೆದದ್ದು ಆಮೇಲೆ ಬಂತು. ಅಮ್ಮ ಈಗ ಬೇರೆ ಯೋಚನೆ ಮಾಡುತ್ತಿದ್ದಾಳೆ. ನೀನು ಬರುವವರೆಗೆ ಮದುವೆಯ ಮಾತೇ ಬೇಡವೆನ್ನುತ್ತಾಳೆ. ಹಾಗೆಂದು ಮಾವನಿಗೆ ನೀನು ಇನ್ನೊಂದು ಕಾಗದ ಬರೆದರೆ ಒಳ್ಳೆಯದು. ಆದರೆ ಅದಕ್ಕಾಗಿ ಯೋಚಿಸುತ್ತಾ ಕೂರಬೇಡ. ಕೆಲಸ ಮಾಡುವಾಗ ಕೆಲಸದ ಮೇಲೇ ಗಮನವಿರಲಿ. ಇದೇನೂ ಅವಸರದ ವಿಷಯವಲ್ಲ.

ಆ ಹುಡುಗಿ ದಾಳಿಂಬೆ ತಿನ್ನದೇ ಇನ್ನೇನು ಮಾಡಬೇಕಿತ್ತೆಂದು ಮೇಷ್ಟ್ರನ್ನು ಕೇಳು. ಹಸಿವಾದರೆ ತಿನ್ನಲೇಬೇಕಲ್ಲ.

ನಿನ್ನ ಪ್ರಶ್ನೆಗೆ ಅಮ್ಮ ನಕ್ಕಳು. "ಜೋಪಾನವಾಗಿ ಹೋಗಿ ಬಾ ಮಗಾ ಅಂದಿದ್ದೆ, ಇನ್ನೇನು ಹೇಳಿರ್ತೀನಿ" ಎಂದಳು.

ಗೋವಿಂದಮ್ಮ


ಫೀಲ್ಡ್ ಪೋಸ್ಟ್
28 ಸೆಪ್ಟೆಂಬರ್ 1945

ಗೋವಿಂದಿ,

ಇದನ್ನು ಅಕ್ತರನ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವನೇ ನಿನ್ನ ಕೈಗೆ ಕೊಡುತ್ತಾನೆ.

ಸ್ಟೇಷನ್ನಿನಲ್ಲಿ ಅಮ್ಮ ಏನೂ ಹೇಳಲಿಲ್ಲ. ಕಿವಿ ಹಿಂಡಿದಳು. ಜೋರಾಗಿಯೇ ಹಿಂಡಿದಳು, ಜೋಲಾರಪೇಟೆಯವರೆಗೂ ಉರಿಯುತ್ತಿತ್ತು.

ನಿನ್ನ ಉತ್ತರ ಓದಿ ಹಳೆಯ ಕಾಗದಗಳನ್ನೆಲ್ಲ ತೆಗೆದು ಹರಡಿದೆ. ಹೋದ ವರ್ಷದ್ದರಲ್ಲಿ ಅಮ್ಮ ನಿನ್ನ ಮಾತಿನ ನಡುವೆ ಬಾಯಿ ಹಾಕುತ್ತಾಳೆ. "ಅಮ್ಮ ಬೈಯುತ್ತಿದ್ದಾಳೆ, ದೀಪದೆಣ್ಣೆ ಮುಗಿಯಿತಂತೆ" ಎಂದು ನೀನು ಅರ್ಧಕ್ಕೇ ನಿಲ್ಲಿಸಿದ ಸಾಲುಗಳಿವೆ. ಫೆಬ್ರವರಿಯಿಂದ ಹಾಗಿಲ್ಲ. ನೀನು ಮುಗಿಸಿದ ಮೇಲೆ ಅವಳು, ಅವಳು ಮುಗಿಸಿದ ಮೇಲೆ ನಿನ್ನ ಸಹಿ. ಅಂಗಳದಲ್ಲಿ ಇಬ್ಬರೂ ಒಟ್ಟಿಗಿಲ್ಲ. ಜ್ವರವೆಂದು ಬರೆದೆಯಲ್ಲ, ಆಗಲೇ ಹೋಗಿರಬೇಕು.

ಯಾಕೆ ಮುಚ್ಚಿಟ್ಟೆಯೆಂದು ನಾನು ಕೇಳುವುದಿಲ್ಲ. ಅಕ್ತರ್ ಊರಿಗೆ ಬಂದಿದ್ದಾನೆ, ಅವನ ಬಾಯಿ ನನಗೆ ಗೊತ್ತು. ಇಲ್ಲಿ ಸೇತುವೆಯಿಲ್ಲ. ನಾಟಕಶಾಲೆಯ ಮೆಟ್ಟಿಲುಗಳ ಸಂದಿಯಲ್ಲೂ ಜರ್ಮನರು ಮೈನ್ ಹೂತು ಹೋಗಿದ್ದರು, ಈಗ ಸುತ್ತಲಿನ ಹೊಲಗಳಲ್ಲಿ ತೆಗೆಯುತ್ತಿದ್ದೇವೆ. ನನಗೆ ತಿಳಿದ ದಿನ ನನ್ನ ಪಾಲಿಗೆ ಹತ್ತೊಂಬತ್ತು ಇದ್ದವು. ಜ್ವರವೆಂದು ಸಾಹೇಬರಿಗೆ ಸುಳ್ಳು ಹೇಳಿ ಮೆಟ್ಟಿಲ ಮೇಲೆ ಕೂತಿದ್ದೆ. ಮೇಷ್ಟ್ರು ಬಂದು ಪಕ್ಕದಲ್ಲಿ ಕೂತರು. ಮರುದಿನ ಹೋಗಿ ಹತ್ತೊಂಬತ್ತನ್ನೂ ತೆಗೆದೆ. ಕೈ ನಡುಗಲಿಲ್ಲ. ನಿನಗೆ ಇದೊಂದು ತಿಳಿಯಬೇಕು, ಅದಕ್ಕೇ ಬರೆದೆ.

ಬದುಕಿಲ್ಲದ ಅಮ್ಮ ಜೂನ್‌ನಲ್ಲಿ ನಿನ್ನನ್ನು ಮಾವನಿಗೆ ಕೊಡಬೇಕೆಂದಳು. ಹಾಗಾದರೆ ಅದು ಅವನ ಮಾತು. ಅದಕ್ಕೆ ನಾನು ಒಪ್ಪಿಗೆ ಕೊಟ್ಟೆ. ರಜೆ ಕೇಳಿದೆ, ಇಲ್ಲವೆಂದರು. ಹಡಗಿನ ಸರದಿ ಬರುವುದು ಮುಂದಿನ ವರ್ಷ. ಇಲ್ಲಿನ ಆಟಗಳಲ್ಲಿ ಎಲ್ಲ ಬಿಗಿದುಕೊಂಡಾಗ ಮರದ ಕ್ರೇನಿಗೆ ದೇವರ ವೇಷದವನನ್ನು ಕಟ್ಟಿ ಇಳಿಸಿ ಗಂಟು ಬಿಡಿಸುತ್ತಿದ್ದರಂತೆ. ನನಗೆ ಕ್ರೇನ್ ತಿರುಗಿಸಲು ಬರುತ್ತದೆ, ಆದರೆ ಅದು ಬಾಣಸವಾಡಿಯವರೆಗೆ ಮುಟ್ಟುವುದಿಲ್ಲ. ಒಪ್ಪಿಗೆ ಹಿಂದಕ್ಕೆ ಪಡೆದಿದ್ದೇನೆಂದು ಬೇರೆ ಹಾಳೆಯಲ್ಲಿ ಬರೆದು ಸಹಿ ಹಾಕಿ ಇದರೊಳಗೆ ಇಟ್ಟಿದ್ದೇನೆ. ಹಿರಿಯರೆದುರು ಓದಿಸು.

ಅಂಜನಮೂರ್ತಿ


ಬಾಣಸವಾಡಿ
10 ನವೆಂಬರ್ 1945

ಅಣ್ಣನಿಗೆ,

ಅಕ್ತರ್ ಮೊನ್ನೆ ಬಂದ. ಮಾವ ಚಪ್ಪರದ ಕೆಳಗೆ ಕೂತಿದ್ದ.

"ಏನ್ ಸಾಬ್ರೇ, ದಾರಿ ತಪ್ತಾ?"

"ದಾರಿ ಸರಿಯಾಗೇ ಇದೆ ಯಜಮಾನ್ರೇ. ಮೂರ್ತಿ ಕಾಗ್ದ ಕಳ್ಸವ್ನೆ, ತಂಗೀಗೆ. ನಿಮ್ಗಲ್ಲ."

ಅಲ್ಲೇ ನಿಂತು ಓದಿದೆ. ಆಮೇಲೆ ಸಹಿಯ ಹಾಳೆಯನ್ನು ಮಾವನ ಕೈಗೆ ಕೊಟ್ಟೆ. ಅವನು ಎರಡು ಸಲ ಓದಿ, ಮಡಿಸಿ ನನಗೇ ಹಿಂದಕ್ಕೆ ಕೊಟ್ಟ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಚೆಂದಾಗಿ ಬರ್ದಿದೀಯ ಕಣಮ್ಮಿ. ಸತ್ತ ನಿಮ್ಮಮ್ಮನ್ನ ಕಾಗ್ದದಲ್ಲಿ ಇಷ್ಟು ತಿಂಗ್ಳು ಬದುಕ್ಸಿದೋಳು ನೀನು. ನಿಮ್ಮಣ್ಣನ ಕೈಲಿ ನಾಲ್ಕು ಸಾಲು ಹೇಳ್ಸೋದೇನ್ ಕಷ್ಟ?"

"ಅಲ್ರೀ, ಪಲ್ಟನ್ ಮೊಹರ್ ನೋಡ್ರೀ!" ಎಂದು ಅಕ್ತರ್ ಕೂಗಿದ. "ನಂದು ಕೈ ಹೋಗಿರೋದು, ಕಣ್ಣಲ್ಲ!"

"ಮೊಹರು ಲಕೋಟೆ ಮೇಲೈತೆ ಸಾಬ್ರೇ. ಒಳಗೇನಿತ್ತೋ ಯಾರು ಕಂಡೋರು. ಕೂತ್ಕೊಳಿ, ಮಜ್ಜಿಗೆ ತರ್ತಾರೆ."

ಊರಿನ ಹಿರಿಯ ಮುನಿನಾರಾಯಣಪ್ಪನವರ ಮನೆಗೂ ಹೋದೆ. ಅಮ್ಮನ ಹೆಸರಲ್ಲಿ ನಾನು ಬರೆಯುತ್ತಿದ್ದುದು ಅವರಿಗೆ ಮೊದಲಿನಿಂದ ಗೊತ್ತು. ಎಂಥ ಗಟ್ಟಿಗಿತ್ತಿ ಹುಡುಗಿ ಎಂದು ಹಿಂದೆ ಅವರೇ ಹೊಗಳಿದ್ದರು. ಈಗ ಹಾಳೆಯನ್ನು ಮುಟ್ಟಲೇ ಇಲ್ಲ. "ನಿಮ್ಮಣ್ಣನ ಒಪ್ಗೆ ಕಾಗ್ದ ಜುಲೈನಲ್ಲೇ ಓದಿದೀವಲ್ಲಮ್ಮ. ಅದು ಅಂಚೆಯೋನು ನಿಮ್ಮ ಮಾವನ ಕೈಗೇ ಕೊಟ್ಟಿದ್ದು" ಎಂದರು.

ಅವರನ್ನು ದೂರುವುದಕ್ಕಾಗುವುದಿಲ್ಲ. ಶಾಲೆ ಬಿಟ್ಟದ್ದಕ್ಕೆ ಅಮ್ಮನ ಒಪ್ಪಿಗೆಯಿದೆಯೆಂದು ಬರೆದವಳು ನಾನೇ. ನೀನು ಪ್ರಶ್ನೆ ಕೇಳದಿರಲಿ ಎಂದು ಆ ಒಂದು ಸಾಲು ಬರೆದೆ. ಅಂದು ಆ ಕಾಗದ ಓದಿದ ಮಾವನಿಗೆ ದಾರಿ ತೋರಿಸಿದ್ದು ಅದು. ಅಮ್ಮ ಆಣೆ ಹಾಕಿಸಿದ್ದು ಸಾವಿನ ಸುದ್ದಿ ಹೇಳಬಾರದೆಂದು ಮಾತ್ರ. ಅವಳ ಬಾಯಲ್ಲಿ ಮಾತು ತುಂಬಲು ಹೇಳಿರಲಿಲ್ಲ.

ಅಮ್ಮ ಹೋಗಿ ವರ್ಷ ತುಂಬುವುದರೊಳಗೆ ಮದುವೆಯಾಗಬೇಕೆಂದು ಕಾರ್ತಿಕ ಸೋಮವಾರ, ಅಂದರೆ ನಾಳಿದ್ದು, ನಿಶ್ಚಯದ ವೀಳ್ಯ ಇಟ್ಟಿದ್ದಾರೆ. ಅದು ಹೇಗೆ ನಡೆಯುತ್ತದೆಂದು ನಿನಗೆ ಗೊತ್ತು. ಹೆಣ್ಣಿನ ತಾಯಿಯ ಮಾತೇನೆಂದು ಮುನಿನಾರಾಯಣಪ್ಪನವರು ಕೇಳುತ್ತಾರೆ. ಸಾಯುವಾಗ ಅಕ್ಕ ನನ್ನ ಕೈಯಲ್ಲಿ ಮಾತು ಇಟ್ಟಳೆಂದು ಮಾವ ಹೇಳುತ್ತಾನೆ. ಅಣ್ಣನ ಮಾತೇನೆಂದರೆ ಜೂನ್ ತಿಂಗಳ ನಿನ್ನ ಕಾಗದ ಓದುತ್ತಾನೆ. ಗಂಡಿನ ಮಾತೇನೆಂದರೆ ತನ್ನ ಮಾತು ಹೇಳುತ್ತಾನೆ. ಅಲ್ಲಿಗೆ ಮೂವರಾಯಿತು. ಆಮೇಲೆ ತಟ್ಟೆಯನ್ನು ನನ್ನ ಮುಂದೆ ಹಿಡಿಯುತ್ತಾರೆ, ನಾನು ಮುಟ್ಟಬೇಕು. ನನ್ನನ್ನು ಕೇಳುವ ಪದ್ಧತಿಯಿಲ್ಲ. ನಿಮ್ಮ ಮೇಷ್ಟ್ರ ಕಟ್ಟುಪಾಡನ್ನು ಏಪ್ರಿಲ್ ಕಾಗದದಲ್ಲಿ ಓದಿದಾಗ ಎಲ್ಲಿಯದೋ ಕಲ್ಲಿನ ಊರಿನ ವಿಷಯ ಅಂದುಕೊಂಡಿದ್ದೆ.

ನಿನ್ನೆ ಊಟಕ್ಕೆ ಕೂತಾಗ ಮಾವ ನನ್ನ ತಟ್ಟೆಗೆ ಇನ್ನೊಂದು ಸೌಟು ಮೊಸರು ಹಾಕಿ, "ಆರು ತಿಂಗ್ಳಿಂದ ಇಲ್ಲೇ ಉಣ್ತಿದೀಯ, ಇನ್ನೆಲ್ಲಿಗೆ ಹೋಗ್ತೀಯಮ್ಮಿ" ಎಂದ. ಪ್ರೀತಿಯಿಂದಲೇ ಅಂದ. ಹಲಸೂರಿನ ಮನೆಯ ಬೀಗದ ಕೈ ಅವನ ಸೊಂಟದಲ್ಲಿದೆ. ಅವನ ಚಿಕ್ಕ ಮಗು ನನ್ನ ಮಡಿಲಲ್ಲಿ ನಿದ್ದೆ ಹೋಗಿತ್ತು.

ಫೆಬ್ರವರಿ ಹನ್ನೆರಡರಂದು ಬರೆದು ಟ್ರಂಕಿನಲ್ಲಿಟ್ಟ ಒಂದು ಕಾಗದವಿದೆ. ಇದರ ಜೊತೆ ಅಕ್ತರನ ಕೈಯಲ್ಲಿ ಕಳಿಸುತ್ತೇನೆ. ಅದು ನಿನ್ನದು, ತಡವಾಯಿತು. ಅಮ್ಮ ಮಾವನಿಗೆ ಹೇಳಿದ ಮಾತೂ ಅದರಲ್ಲಿದೆ. ಹಿರಿಯರೆದುರು ತೆಗೆದರೆ ಅದನ್ನೂ ನಿನ್ನೆ ಬರೆದದ್ದೆನ್ನುತ್ತಾರೆ. ನಿನ್ನ ಸಹಿಯ ಹಾಳೆಯನ್ನೂ ಇದರೊಳಗೇ ಮಡಿಸಿ ಇಡುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಒಂದು ಕಾಗದವನ್ನೂ ಹಿಡಿಯದೆ ಹೋಗಿ ನಿಲ್ಲುತ್ತೇನೆ. ಅಮ್ಮ ಹೇಳಿದಳೆಂದಾಗಲಿ ಅಣ್ಣ ಬರೆದನೆಂದಾಗಲಿ ಅನ್ನುವುದಿಲ್ಲ. ತಟ್ಟೆ ಬಂದಾಗ ಕೈ ಚಾಚದೆ, ನನಗೆ ಈ ಮದುವೆ ಬೇಡ ಎನ್ನುತ್ತೇನೆ. ಅದಾದ ಮೇಲೆ ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲ. ಅಷ್ಟು ದೂರ ಇನ್ನೂ ಯೋಚಿಸಿಲ್ಲ.

ಈಗಷ್ಟೇ ಚಪ್ಪರದ ಕೆಳಗೆ ಯಾರೂ ಇಲ್ಲದಾಗ ಆ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿದೆ. ಮೊದಲ ಸಲ ದನಿ ಅಮ್ಮನ ಹಾಗೆಯೇ ಬಂತು. ಎರಡನೆಯ ಸಲವೂ. ನಾಳೆ ಇಡೀ ದಿನವಿದೆ.

ಗೋವಿಂದಮ್ಮ